ಹುಬ್ಬಳ್ಳಿಗೆ ಬಂದು ಮೂರು ತಿಂಗಳಾತು, ರವಿವಾರ ಎಲ್ಲಿಗೆ ಹೋಗೂದ್ರಿ?

ಕೇಳಿದವರು: ಮುಂಡರಗಿ ಹತ್ರದ ಹಳ್ಳಿಯಿಂದ ಗೋಕುಲ ರಸ್ತೆ ಕಡೆ ಬಾಡಿಗಿ ಮನಿಗೆ ಬಂದೇವಿ. 9 ಮತ್ತ 5 ವರ್ಷದ ಮಕ್ಕಳು, ಜೋಡಿ ನಮ್ಮ ಅತ್ತಿ. ರವಿವಾರ ಬಂತಂದ್ರ ಮಾಲ್. ರೊಕ್ಕ ಖಾಲಿ, ಮನಿ ಮುಟ್ಟೂತನಕ ಜಗಳ. ಅತ್ತಿ ಕಿಡಕಿ ಹತ್ರ ಕುಂತು "ಊರಿಗೆ ಯಾವಾಗ ಹೋಗೂದು?" ಅಂತಾರ. ಇಲ್ಲಿ ಹೊಂದಿಕೊಂಡವರು ಏನು ಮಾಡಿದ್ರಿ ಹೇಳ್ರಿ.

ಉಣಕಲ್‌ನವರು: ನಾವು ನರಗುಂದ ಬಿಟ್ಟು ಆರು ವರ್ಷಾತು. ಮೊದಲ ನಿಮ್ಮ ಓಣಿಗೆ ನೀರು ಯಾವ ದಿನ ಬರ್ತದ ತಿಳ್ಕೊಳ್ರಿ, ತಿರುಗಾಟ ಆಮ್ಯಾಲೆ. ನಗಬ್ಯಾಡ್ರಿ. ನಾವು ಬಂದ ಹೊಸದಾಗಿ ನೃಪತುಂಗ ಬೆಟ್ಟ ಹತ್ತಿ, ಸಂಜಿಗೆ ಊರೆಲ್ಲಾ ದೀಪ ಹತ್ತೂದು ನೋಡಿ ಖುಷಿಲೆ ಮನಿಗೆ ಬಂದ್ರ, ನಳ ಬಂದು ಹೋಗಿತ್ತು. ಮುಂದಿನ ಪಾಳಿ ತನಕ ಟ್ಯಾಂಕರ್ ನೀರೇ ಗತಿ. ಈಗ ಕ್ಯಾಲೆಂಡರಿನ್ಯಾಗ ನೀರಿನ ದಿನಕ್ಕ ಸುತ್ತು ಹಾಕ್ತೀವಿ.

ಇನ್ನ, ಐದು ಮಂದಿ ಬೈಕ್ ಮ್ಯಾಲೆ ಆಗೂದಿಲ್ಲ, ಹುಬ್ಬಳ್ಳಿ-ಧಾರವಾಡ ನಡುವ ಓಡೂ ಚಿಗರಿ ಬಸ್ ಹತ್ರಿ. ನಿಲ್ದಾಣದ ಕಟ್ಟಿ, ಬಸ್ಸಿನ ನೆಲ ಎರಡೂ ಸಮ ಇರ್ತಾವ. ಮೊಣಕಾಲು ನೋವಿದ್ದವರಿಗೆ ಮೆಟ್ಟಲ ಹತ್ತೂ ತ್ರಾಸಿಲ್ಲ. ತ್ರಾಸು ಇರೂದು ರಸ್ತಾ ದಾಟಿ ನಡುವಿನ ನಿಲ್ದಾಣ ಮುಟ್ಟೂದರಾಗ. ಹತ್ತೂ ಮುಂಚೆ ಉಣಕಲ್‌ಗೆ ನಿಲ್ಲತೈತೇನು ಕೇಳ್ರಿ. ಕೆರಿಗೆ ಎಲ್ಲಾರೂ ಹೋಗ್ತಾರ; ನೀವು ಅಲ್ಲಿಂದ ಊರೊಳಗ ಹೊಕ್ಕು ಚಂದ್ರಮೌಳೇಶ್ವರ ಗುಡಿ ನೋಡ್ರಿ. ಚಾಲುಕ್ಯರ ಕಾಲದ್ದು, ಮನಿಗಳ ನಡುವ ಐತಿ, ನಾಕೂ ದಿಕ್ಕಿಗೆ ಬಾಗಲ. ನನ್ನ ಮಗಳು ಒಂದು ಬಾಗಲದಾಗ ಹೊಕ್ಕು ಇನ್ನೊಂದರಾಗ ಹೊರಬೀಳೂ ಆಟ ಅರ್ಧಾ ತಾಸು ಆಡಿದ್ಲು. ಖರ್ಚು ಸೊನ್ನಿ. ಬರುವಾಗ ಮಿರ್ಚಿ-ಗಿರಮಿಟ್ಟು ಬೇಕಂದ್ಲು, ಅದು ಬ್ಯಾರೆ ಲೆಕ್ಕ.

ವಿದ್ಯಾನಗರದವರು: ನಾವು ಮಂಡ್ಯ ಕಡೆಯವರು, ವರ್ಗಾವಣೆ ಮೇಲೆ ಬಂದದ್ದು. ಮಾಲ್‌ಗೆ ಇಷ್ಟೊಂದು ಬೈಯಬೇಡಿ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಬೇರೆಲ್ಲಿ ಕೂರ್ತೀರಿ? ಊಟ ಮುಗಿಸಿ ಹೋಗಿ, ಪರ್ಸ್ ಒಬ್ಬರ ಹತ್ತಿರವೇ ಇರಲಿ. ನಮ್ಮ ಅರ್ಧ ಜಗಳ ಅಷ್ಟಕ್ಕೇ ನಿಂತಿತು.

ಧಾರವಾಡ ಸಪ್ತಾಪುರದವರು: ಮಳಿಗಾಲದಾಗ ಈ ಕಡೆ ಬರ್ರಿ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರ್ ದೂರ ಅಷ್ಟ, ಆದ್ರ ಗಾಳಿನ ಬ್ಯಾರೆ. ಸಾಧನಕೇರಿಯಾಗ ಕೆರಿ ದಂಡಿಗೆ ಮಕ್ಕಳನ್ನ ಬಿಡ್ರಿ, ಎದುರಿಗೇ ಬೇಂದ್ರೆ ಅಜ್ಜನ ಮನಿ. ಶಾಲ್ಮಲಾ ಹೊಳಿ ಹುಟ್ಟೂ ಸೋಮೇಶ್ವರ ಗುಡಿನೂ ಶಾಂತ ಜಾಗ. ನುಗ್ಗೀಕೇರಿ ಹನುಮಪ್ಪಗ ಶನಿವಾರ ಮಾತ್ರ ಸಣ್ಣ ಮಕ್ಕಳನ್ನ ಕರ್ಕೊಂಡು ಬರಬ್ಯಾಡ್ರಿ, ಗದ್ದಲ ಭಾಳ. ಪೇಢೆ ಮನಿಗೆ ಹೋಗೂ ಹೊತ್ತಿಗೆ ತಗೋರಿ. ಮೊದಲ ತಗೊಂಡ್ರ ಸಾಧನಕೇರಿ ಮುಟ್ಟೂದರೊಳಗ ಪಟ್ಟಿಗಿ ಖಾಲಿ.

ಕೇಶ್ವಾಪುರದವರು: ಗಂಡು ಹುಡುಗರಿದ್ರ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ. (ಹೆಣ್ಣು ಹುಡುಗಿ ಇದ್ರೂ ಅದೇ, ನನ್ನ ಮಗಳು ಎಂಜಿನ್ ಬಿಟ್ಟು ಇಳೀಲಿಲ್ಲ.) ಆಮ್ಯಾಲೆ ಹುಬ್ಬಳ್ಳಿ ಸ್ಟೇಶನ್ನಿನ್ಯಾಗ ಪ್ಲಾಟ್‌ಫಾರಂ ಟಿಕೀಟು ತಗೊಂಡು 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಈ ತುದಿಯಿಂದ ಆ ತುದಿಗೆ ನಡಸ್ರಿ. ರಾತ್ರಿ ಮಲಗಸೂ ಕೆಲಸ ಇರೂದಿಲ್ಲ.

ಹಳೇ ಹುಬ್ಬಳ್ಳಿಯವರು: ಎಲ್ಲಾರೂ ಮಕ್ಕಳ ಬಗ್ಗೆನ ಹೇಳಿದ್ರಿ. ಅತ್ತಿಯವರನ್ನ ಸಿದ್ಧಾರೂಢ ಮಠಕ್ಕ ಕರ್ಕೊಂಡು ಹೋಗ್ರಿ, ರವಿವಾರ ಅಲ್ಲ, ವಾರದ ನಡುವ. ಪ್ರಸಾದ ಮುಗಿಸಿ ಸುಮ್ಮನ ಕುಂಡ್ರಲಿ, ಬರ್ರಿ ಹೊತ್ತಾತು ಅನಬ್ಯಾಡ್ರಿ. ನಮ್ಮವ್ವಗ ಬೇಕಾಗಿದ್ದು ನೋಡೂ ಜಾಗ ಅಲ್ಲ, "ಯಾವೂರವ್ವಾ?" ಅಂತ ಕೇಳೂ ಮಂದಿ. ಎರಡನೇ ಸಲಕ್ಕ ಆಟೋದವಗ ದಾರಿ ಅಕೀನ ಹೇಳಿದ್ಲು.

ಕೇಳಿದವರು: ಬುಧವಾರ ಮಠಕ್ಕ ಹೋಗಿದ್ವಿ. ಅತ್ತಿಗೆ ನಮ್ಮ ಮುಂಡರಗಿ ಕಡೆ ಡಂಬಳದ ಹೆಣಮಗಳೊಬ್ಬಾಕಿ ಸಿಕ್ಕು, ಇಬ್ಬರೂ ಕೂಡಿ ಯಾರ್‍ಯಾರನ್ನೋ ನೆಂಟರು ಮಾಡಿಕೊಂಡ್ರು. ಈ ರವಿವಾರ ನಮ್ಮ ಓಣಿಗೆ ನೀರಿನ ಪಾಳಿ, ಅದಕ್ಕ ಶನಿವಾರನ ಹೊರಗ ಹೋಗೂದು. ಅತ್ತಿ ಆಗಲೇ ಹೇಳ್ಯಾರ: ನುಗ್ಗೀಕೇರಿ. ಗದ್ದಲ ಇರ್ತದಂತ ಅಂದ್ರ, "ಗದ್ದಲ ಇರ್ಲಿ ಬಿಡ, ಮೂರು ತಿಂಗಳಾತು ಮಂದಿ ಮಾರಿ ನೋಡಿಲ್ಲ" ಅಂದ್ರು.