‘ಪ್ಯಾರಾಸೈಟ್: ದಿ ಗ್ರೇ’ – ಮಿಗಿಯೇ ಇಲ್ಲದ ಕಥೆ ಮೂಲ ಮಾಂಗಾಕ್ಕೆ ನ್ಯಾಯ ಒದಗಿಸಿದೆಯೇ?

ಪ್ರಶ್ನೆ:
ಹಿತೋಶಿ ಇವಾಕಿ ಅವರ ‘ಪ್ಯಾರಾಸೈಟ್’ ಮಾಂಗಾ (ಜಪಾನಿನ ಚಿತ್ರಕಥೆ) ನನಗೆ ಅಚ್ಚುಮೆಚ್ಚು. ಶಿನಿಚಿ ಎಂಬ ಹುಡುಗ ಮತ್ತು ಅವನ ಬಲಗೈಯನ್ನೇ ಮನೆ ಮಾಡಿಕೊಂಡ ಮಿಗಿ ಎಂಬ ಪರಾವಲಂಬಿ ಜೀವಿಯ ಮಾತುಕತೆಯೇ ಅದರ ಜೀವಾಳ. ಸೈತಾನ ಎಂದರೇನೆಂದು ಪುಸ್ತಕಗಳಲ್ಲಿ ಹುಡುಕಿದ ಮಿಗಿ, ಅದಕ್ಕೆ ತೀರ ಹತ್ತಿರವಿರುವ ಜೀವಿ ಮನುಷ್ಯನೇ ಎಂದು ತಣ್ಣಗೆ ಹೇಳುವ ಪ್ರಸಂಗವನ್ನು ಓದಿದವರು ಮರೆಯಲಾರರು. 2024ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ನಿರ್ದೇಶಕ ಯೋನ್ ಸಾಂಗ್-ಹೋ ಅವರ ‘ಪ್ಯಾರಾಸೈಟ್: ದಿ ಗ್ರೇ’ ಎಂಬ ಕೊರಿಯನ್ ಸರಣಿಯ ಆರಂಭದ ಕಂತುಗಳಲ್ಲಿ ನನಗೆ ಆ ಮಾತುಕತೆಯೇ ಕಾಣಲಿಲ್ಲ. ಹೀಗಿರುವಾಗ ಇದನ್ನು ಆ ಮಾಂಗಾದ ರೂಪಾಂತರವೆಂದು ಒಪ್ಪಬಹುದೇ? ಮುಂದಿನ ಕಂತುಗಳನ್ನು ನೋಡುವುದು ಸಾರ್ಥಕವೇ?

ಉತ್ತರ 1:
ಖಂಡಿತ ನೋಡಿ. ಇದು ಶಿನಿಚಿಯ ಕಥೆಯ ಮರುನಿರೂಪಣೆಯಲ್ಲ. ಪರಾವಲಂಬಿ ಜೀವಿಗಳು ಮನುಷ್ಯರ ಮೆದುಳನ್ನು ಹೊಕ್ಕು ದೇಹವನ್ನು ವಶಪಡಿಸಿಕೊಳ್ಳುವ ಅದೇ ವಿಪತ್ತು ಕೊರಿಯಾದಲ್ಲೂ ಎರಗಿದ್ದರೆ ಏನಾಗುತ್ತಿತ್ತು ಎಂಬ ಬೇರೆಯೇ ಕಥೆ. ಮಾಂಗಾದಲ್ಲಿ ಹುಡುಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಜೀವಿಯು ಮೆದುಳಿಗೆ ಹೋಗಲಾಗದೆ ಕೈಯಲ್ಲೇ ಉಳಿಯುತ್ತದೆ. ಇಲ್ಲಿ ಮಾರ್ಟ್‌ವೊಂದರಲ್ಲಿ ಕೆಲಸ ಮಾಡುವ ಸು-ಇನ್ ಚೂರಿ ಇರಿತಕ್ಕೊಳಗಾಗಿ ಸಾಯುವ ಸ್ಥಿತಿಯಲ್ಲಿರುತ್ತಾಳೆ. ಒಳಹೊಕ್ಕ ಜೀವಿಯು ತಾನು ಬದುಕಬೇಕಾದರೆ ಅವಳನ್ನು ಬದುಕಿಸಲೇಬೇಕಾಗುತ್ತದೆ, ಗಾಯ ವಾಸಿಮಾಡುವುದರಲ್ಲೇ ಶಕ್ತಿ ವ್ಯಯವಾಗಿ ಮೆದುಳನ್ನು ಪೂರ್ತಿ ವಶಪಡಿಸಿಕೊಳ್ಳಲಾಗುವುದಿಲ್ಲ. ಹಾಗಾಗಿ ಹೈಡಿ ಎಂಬ ಆ ಜೀವಿ ದಿನಕ್ಕೆ ಸುಮಾರು 15 ನಿಮಿಷ ಮಾತ್ರ ಹೊರಬರುತ್ತದೆ. ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರು ಇಲ್ಲದಿರುವುದರಿಂದ, ತಲೆಮರೆಸಿಕೊಂಡು ಓಡಾಡುವ ರೌಡಿ ಕಾಂಗ್-ವೂ ಇಬ್ಬರ ನಡುವಿನ ಸಂದೇಶವಾಹಕನಾಗುತ್ತಾನೆ. ಬಾಲ್ಯದಲ್ಲಿ ತಂದೆಯ ಹಿಂಸೆಯನ್ನು ತಾನೇ ಪೊಲೀಸರಿಗೆ ತಿಳಿಸಿ, ಅಂದಿನಿಂದ ಯಾರ ಆಸರೆಯನ್ನೂ ಸುಲಭವಾಗಿ ನಂಬದ ಹುಡುಗಿಗೆ, ತನ್ನ ದೇಹದಲ್ಲೇ ಇದ್ದು ತನ್ನನ್ನು ಕಾಯುವ ಜೀವಿಯ ಮುಖವನ್ನು ನೋಡುವ ಭಾಗ್ಯವೂ ಇಲ್ಲ. ಮಾತುಕತೆಯನ್ನು ಕೈಬಿಟ್ಟಿದ್ದರಿಂದಲೇ ಈ ಒಂಟಿತನ ಇಷ್ಟು ಗಾಢವಾಗಿ ಬಂದಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉತ್ತರ 2:
ಮೇಲಿನವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಇವಾಕಿಯವರ ಕೇಂದ್ರ ಚಿಂತನೆ ಭೂಮಿಯ ಮೇಲೆ ಮನುಷ್ಯನ ಸ್ಥಾನ ಏನೆಂಬುದು; ಯೋನ್ ಅವರ ಆಸಕ್ತಿ ಸಂಘಟನೆಯ ಕಡೆಗಿದೆ. ಜೀವಿಗಳು ಚರ್ಚ್ ಒಂದರ ಆಶ್ರಯದಲ್ಲಿ ಒಗ್ಗೂಡುತ್ತವೆ, ಅವುಗಳನ್ನು ಬೇಟೆಯಾಡಲು ‘ಗ್ರೇ’ ಎಂಬ ವಿಶೇಷ ಪಡೆ ಹುಟ್ಟುತ್ತದೆ, ಗುಂಪಿಗೆ ಸೇರಿದ ಮೇಲೆ ಮನುಷ್ಯರೂ ಜೀವಿಗಳೂ ಒಂದೇ ರೀತಿ ವರ್ತಿಸುತ್ತಾರೆ. ಆರೇ ಕಂತುಗಳ ಸರಣಿಯಾದ್ದರಿಂದ ಈ ವಿಚಾರ ಹೊಡೆದಾಟಗಳ ನಡುವೆ ಅವಸರದಲ್ಲಿ ಸಾಗಿಹೋಗುತ್ತದೆ. ತಲೆಗಳು ಸೀಳಿ ಬಳ್ಳಿಗಳಂತೆ ಚಾಚಿ ಕಾದಾಡುವ ದೃಶ್ಯಗಳು ಪದೇಪದೇ ಬಂದು ಭಯವೂ ತಗ್ಗುತ್ತದೆ. ಆದರೆ ಪಡೆಯ ನಾಯಕಿ ಜೂನ್-ಕ್ಯುಂಗ್ ಪಾತ್ರ ಮಾತ್ರ ಅಸಾಧಾರಣ. ಗಂಡನ ದೇಹವನ್ನು ಆಕ್ರಮಿಸಿದ ಜೀವಿಯನ್ನು ಆಕೆ ಕೊಲ್ಲದೆ, ಮುಖಕ್ಕೆ ಕವಚ ತೊಡಿಸಿ, ಇತರ ಜೀವಿಗಳ ಜಾಡು ಹಿಡಿಯುವ ಬೇಟೆನಾಯಿಯಂತೆ ಬಳಸುತ್ತಾಳೆ. ಆ ಪಾತ್ರದಲ್ಲಿ ನಟಿ ಲೀ ಜಂಗ್-ಹ್ಯುನ್ ಅವರ ಅಬ್ಬರದ ಅಭಿನಯ ಹಲವರಿಗೆ ಅತಿಯೆನಿಸಿರಬಹುದು, ನನಗೆ ಆ ಅಬ್ಬರವೇ ದುಃಖದ ಮುಖವಾಡವಾಗಿ ಕಂಡಿತು.

ಉತ್ತರ 3:
ಮೂಲಕ್ಕೆ ನಿಷ್ಠವಾದುದೇ ಬೇಕೆಂದರೆ 2014ರಲ್ಲಿ ಆರಂಭವಾದ 24 ಕಂತುಗಳ ಅನಿಮೆ (ಜಪಾನಿನ ಅನಿಮೇಷನ್ ಸರಣಿ) ಇದೆ. ಅದನ್ನೂ ಕೊರಿಯನ್ ಸರಣಿಯನ್ನೂ ಅಕ್ಕಪಕ್ಕ ಇಟ್ಟು ತೂಗುವ ಅಗತ್ಯವಿಲ್ಲ. ಆದರೆ ತಾವು ಮಾಂಗಾ ಓದಿದವರಾದ್ದರಿಂದ ಕೊನೆಯ ಕಂತನ್ನು ದಯವಿಟ್ಟು ಪೂರ್ತಿ ನೋಡಿ. ಅದರ ಕೊನೆಯ ದೃಶ್ಯ ಎರಡೂ ಕಥೆಗಳನ್ನು ನೇರವಾಗಿ ಬೆಸೆಯುತ್ತದೆ. ಹೇಗೆಂಬುದನ್ನು ಇಲ್ಲಿ ಹೇಳಿದರೆ ತಮಗೆ ಅನ್ಯಾಯ ಮಾಡಿದಂತಾಗುತ್ತದೆ.