ಅಪಘಾತ ಆಗಿ ಎರಡು ತಿಂಗಳಾತು, ತಮ್ಮ ಬೈಕ್ ಹತ್ತವಲ್ಲ. ಕೌನ್ಸೆಲಿಂಗಿನಾಗ ಏನು ಮಾಡ್ತಾರ್ರಿ?

ಪ್ರಶ್ನೆ (ಗಂಗಾವತಿ):
ನಮಸ್ಕಾರ್ರಿ ಸರ್. ತಮ್ಮಗ 24 ವರ್ಷ. ಸಿಂಧನೂರು ರಸ್ತೆದಾಗ ಬೈಕಿಗೆ ಲಾರಿ ಹೊಡೆದು, ಹಿಂದ ಕುಂತಿದ್ದ ಗೆಳೆಯ ತೀರಿಕೊಂಡ. ತಮ್ಮನ ಕಾಲು ಕೂಡೇತಿ. ಆದ್ರ ಲಾರಿ ಹಾರ್ನ್ ಕೇಳಿದ್ರ ಬೆವರತಾನ, ರಾತ್ರಿ ಚೀರಿ ಏಳತಾನ. ಹುಲಿಗೆಮ್ಮಗೂ ಹೋಗಿ ಬಂದ್ವಿ. ಮೆಡಿಕಲ್ ಶಾಪಿನವ್ರು ಕೊಟ್ಟ ನಿದ್ದಿ ಗುಳಿಗಿ ಮೂರು ವಾರದಿಂದ ನುಂಗಾಕತ್ತಾನ. ‘ಆದದ್ದೆಲ್ಲಾ ಹೇಳಿಬಿಡು, ಹಗುರಾಗತೈತಿ’ ಅಂತ ಕುಂದ್ರಿಸಿ ಕೇಳಿದ್ರ ಮತ್ತಷ್ಟು ಕೆಡತಾನ. ಎಷ್ಟು ಸಲ ಕರ್ಕೊಂಡು ಹೋಗಬೇಕು?

ಉತ್ತರ (ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಬಳ್ಳಾರಿ):
ಮೊದಲು ಆ ‘ಹೇಳಿಬಿಡು’ ಅನ್ನೋದನ್ನ ನಿಲ್ಲಿಸ್ರಿ. ತಯಾರಿ ಇಲ್ಲದೆ ಹೇಳಿಸಿದರೆ ಅವನು ನೆನಪು ಮಾಡಿಕೊಳ್ಳೋದಿಲ್ಲ, ಅದೇ ಗಳಿಗೆಯನ್ನ ಮತ್ತೊಮ್ಮೆ ಅನುಭವಿಸ್ತಾನೆ. ತಡೆಯಲಾರದೆ ಅರ್ಧಕ್ಕೆ ಎದ್ದು ಹೋದರೆ, ಈ ನೆನಪೇ ಅಪಾಯ ಅನ್ನೋದು ಇನ್ನಷ್ಟು ಗಟ್ಟಿಯಾಗುತ್ತೆ.

ಮೊದಲ ತಿಂಗಳು ಇಂಥ ಲಕ್ಷಣ ಸಹಜ, ಬಹಳ ಜನರಿಗೆ ತಾನಾಗಿ ಇಳಿಯುತ್ತೆ. ತಿಂಗಳು ದಾಟಿಯೂ ಕನಸು, ಬೆಚ್ಚಿಬೀಳೋದು, ತಪ್ಪಿಸಿಕೊಳ್ಳೋದು ಉಳಿದು ಕೆಲಸಕ್ಕೆ ಅಡ್ಡಿಯಾದರೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯೋ ಮಾನಸಿಕ ಕಾಯಿಲೆ) ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ತಲೆಗೆ ಪೆಟ್ಟು ಬಿದ್ದಿತ್ತಾ? ತಲೆನೋವು, ವಾಂತಿ, ಮರೆವು ಇದ್ದರೆ ಮೊದಲು ತಲೆಯ ಪೆಟ್ಟು ನೋಡೋ ಡಾಕ್ಟರ ಹತ್ತಿರ ಹೋಗ್ರಿ. ಅದನ್ನ ಮನಸ್ಸಿನ ಕಾಯಿಲೆ ಅಂತ ತಳ್ಳಿಹಾಕಬೇಡ್ರಿ.

ಸಾಮಾನ್ಯವಾಗಿ ವಾರಕ್ಕೊಮ್ಮೆ, 8ರಿಂದ 12 ಸಲ ಬರಬೇಕಾಗುತ್ತೆ. ಒಂದು ಕೂಟ (ಸೆಷನ್) 60ರಿಂದ 90 ನಿಮಿಷ. ನಾಟಿ, ಕೊಯ್ಲಿನ ನಡುವೆ ಶುರು ಮಾಡಿ ಮೂರು ವಾರ ಬಿಡೋದಕ್ಕಿಂತ, ಸತತವಾಗಿ ಬರೋಕಾಗೋ ಸಮಯ ನೋಡ್ರಿ.

ಮೊದಲೆರಡು ಕೂಟದಲ್ಲಿ ಅಪಘಾತದ ವಿವರ ಕೆದಕೋದಿಲ್ಲ. ದೇಹ ಯಾಕೆ ಹೀಗೆ ಮಾಡುತ್ತೆ ಅಂತ ತಿಳಿಸಿ, ಉಸಿರಾಟ ಕಲಿಸ್ತೀವಿ: ಮೂಗಿನಿಂದ 4 ಎಣಿಕೆ ಒಳಗೆ, 6 ಎಣಿಕೆ ಹೊರಗೆ, ಐದು ನಿಮಿಷ. ‘ಜೋರಾಗಿ ಉಸಿರು ತಗೋ’ ಅಂತ ಹೇಳಬೇಡ್ರಿ, ಹಾಗೆ ಮಾಡಿದರೆ ತಲೆ ತಿರುಗಿ, ಕೈ ಜುಮ್ಮೆಂದು ಹೆದರಿಕೆ ಹೆಚ್ಚಾಗುತ್ತೆ. ಮನಸ್ಸು ಆ ರಸ್ತೆಗೆ ಓಡಿದಾಗ ಕಾಣೋ ಐದು, ಮುಟ್ಟೋ ನಾಲ್ಕು, ಕೇಳೋ ಮೂರು ಸಂಗತಿ ಗಟ್ಟಿಯಾಗಿ ಹೇಳಿಸ್ರಿ.

ಆಮೇಲೆ ಮೆಟ್ಟಿಲು ಹಾಕ್ತೀವಿ. 0ರಿಂದ 100ರೊಳಗೆ ಪ್ರತಿ ಮೆಟ್ಟಿಲಿಗೂ ಹೆದರಿಕೆಯ ಅಂಕ ಅವನೇ ಕೊಡಬೇಕು: ಅಂಗಳದಲ್ಲಿ ಆಫ್ ಇರೋ ಬೈಕಿನ ಮೇಲೆ ಕೂಡೋದು 30, ಎಂಜಿನ್ ಚಾಲೂ ಮಾಡೋದು 45, ಓಣಿಯೊಳಗೆ ಒಂದು ಸುತ್ತು 60, ಹಗಲಲ್ಲಿ ಹೆದ್ದಾರಿ ಪಕ್ಕ ನಿಂತು ಲಾರಿ ನೋಡೋದು 75. ಆ ಜಾಗಕ್ಕೆ ಹೋಗೋದು ಕಡೆಗೆ. ಅಂಕ ಅರ್ಧಕ್ಕೆ ಇಳಿಯೋವರೆಗೂ ಅಲ್ಲೇ ಇರಬೇಕು, ಕೆಲವೊಮ್ಮೆ 30ರಿಂದ 45 ನಿಮಿಷ. ಕೆಡೋದು ಇಲ್ಲೇ: 80ಕ್ಕೆ ಏರಿದಾಗ ಮನೆಯವರು ‘ಸಾಕು ಬಿಡಪ್ಪ’ ಅಂತ ಇಳಿಸ್ತಾರೆ. ಓಡಿಹೋದದ್ದರಿಂದಲೇ ಉಳಿದೆ ಅಂತ ಮೆದುಳು ಲೆಕ್ಕ ಹಾಕುತ್ತೆ, ಮುಂದಿನ ಸಲ ಹತ್ತೋದು ಇನ್ನೂ ಕಷ್ಟ.

‘ನಾನು ಕರೆದುಕೊಂಡು ಹೋಗದಿದ್ರ ಅವ ಬದುಕಿರ್ತಿದ್ದ’ ಅಂತಾನಾ? ಅಂದಿದ್ದರೆ ‘ನಿನ್ನ ತಪ್ಪಿಲ್ಲ ಬಿಡು’ ಅನ್ನಬೇಡ್ರಿ. ಆ ಮಾತಿಗೆ ಅವನ ಮನಸ್ಸಿನಲ್ಲಿ ಆಗಲೇ ನೂರು ಉತ್ತರ ಇರ್ತಾವೆ. ಕೂಟದಲ್ಲಿ ನಾವು ಕಾಗದದ ಮೇಲೆ ಎರಡು ಸಾಲು ಬರೆಸ್ತೀವಿ: ಹೊರಡೋ ಗಳಿಗೆಗೆ ಅವನಿಗೆ ಏನು ಗೊತ್ತಿತ್ತು, ಈಗ ಏನು ಗೊತ್ತಿದೆ. ಆಮೇಲೆ ಲಾರಿ, ರಸ್ತೆ, ಬೆಳಕು, ಹೆಲ್ಮೆಟ್ ಎಲ್ಲಕ್ಕೂ ಪಾಲು ಹಾಕಿಸಿ ಅವನ ಪಾಲನ್ನ ಕಡೆಗೆ ಬರೆಸ್ತೀವಿ. ಈ ಕೆಲಸಕ್ಕೆ ಅವಸರ ಕೂಡದು. ಗೆಳೆಯನ ದುಃಖ ಬೇರೆ, ಅದು ಉಳಿಯೋದು ನ್ಯಾಯವೇ.

ದೇವಿ ದರ್ಶನಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ತಾಯತ ಹಿಡಿದುಕೊಂಡರೆ ಮಾತ್ರ ಬೈಕ್ ಹತ್ತುತೀನಿ ಅಂದರೆ, ತಾಯತ ಬಿಟ್ಟು ಹತ್ತೋದೂ ಒಂದು ಮೆಟ್ಟಿಲಾಗಬೇಕು.

ಪ್ರಶ್ನೆ (ಗಂಗಾವತಿ):
ಗುಳಿಗಿ ಇವತ್ತೇ ನಿಲ್ಲಿಸ್ಲ್ಯಾ ಸರ್?

ಉತ್ತರ (ಮನೋವೈದ್ಯ, ರಾಯಚೂರು):
ಒಮ್ಮೆಲೆ ನಿಲ್ಲಿಸಬೇಡ್ರಿ. ಅಲ್ಪ್ರಜೋಲಾಮ್ ಗುಂಪಿನ ಮಾತ್ರೆ ಆಗಿದ್ದರೆ ಹಠಾತ್ತನೆ ಬಿಟ್ಟಾಗ ನಡುಕ, ನಿದ್ದೆಗೇಡು ಮರಳುತ್ತೆ, ಕೆಲವರಿಗೆ ಫಿಟ್ಸ್ ಕೂಡ ಬರುತ್ತೆ. ಪಟ್ಟಿ ತಂದು ತೋರಿಸ್ರಿ, ಹಂತಹಂತವಾಗಿ ಇಳಿಸ್ತೀವಿ. ಈ ಮಾತ್ರೆ ಆಘಾತವನ್ನ ಗುಣಪಡಿಸೋದಿಲ್ಲ, ರೂಢಿ ಮಾತ್ರ ಮಾಡಿಸುತ್ತೆ. ಔಷಧ ಬೇಕೇ ಆದರೆ ಸರ್ಟ್ರಲಿನ್ ಥರದ್ದು ಕೊಡ್ತೀವಿ. ಪರಿಣಾಮ ಕಾಣೋಕೆ ಕೆಲವು ವಾರ ಬೇಕು, ಹತ್ತು ದಿನಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡಬೇಡ್ರಿ. ನಿದ್ದೆಗೆ ಅಂತ ಮದ್ಯ ಕುಡಿಯೋದು ಬೇಡವೇ ಬೇಡ.

ಪ್ರಶ್ನೆ (ಸಿಂಧನೂರು):
ಇದಕ್ಕ ಬೆಂಗಳೂರಿಗೆ ಹೋಗಬೇಕೇನ್ರಿ? ಬೋರ್ಡ್ ಹಾಕ್ಕೊಂಡವ್ರೆಲ್ಲಾ ಕೌನ್ಸೆಲರ್ ಅಂತಾರ.

ಉತ್ತರ (ಚಿಕಿತ್ಸಾ ಮನಶ್ಶಾಸ್ತ್ರಜ್ಞ, ಬಳ್ಳಾರಿ):
ಬೇಡ್ರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯ ಮೇಲೇ 1996ರಲ್ಲಿ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯ್ತು. ರಾಯಚೂರಿನ ರಿಮ್ಸ್, ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ (ಮೊದಲಿನ ವಿಮ್ಸ್), ಕೊಪ್ಪಳದ ಕಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಕೇಳ್ರಿ. ತಾಲ್ಲೂಕು ಆಸ್ಪತ್ರೆಗೆ ಜಿಲ್ಲಾ ತಂಡ ಯಾವ ದಿನ ಬರುತ್ತೆ ಅಂತ ಮೊದಲೇ ವಿಚಾರಿಸಿ ಹೋಗ್ರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ, ಕನ್ನಡದಲ್ಲಿ, ಉಚಿತ.

ಖಾಸಗಿಯಾಗಿ ಹೋಗೋದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳ್ರಿ, ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಅದು ಇರಲೇಬೇಕು. ‘ಆಘಾತದ ಚಿಕಿತ್ಸೆ ಯಾವ ಕ್ರಮದಲ್ಲಿ ಮಾಡ್ತೀರಿ?’ ಅಂತಲೂ ಕೇಳ್ರಿ. ಉತ್ತರ ಬರೀ ‘ಧೈರ್ಯ ಹೇಳ್ತೀವಿ’ ಅಂತಿದ್ದರೆ ಬೇರೆಯವರನ್ನ ನೋಡ್ರಿ.

ಪ್ರಶ್ನೆ (ಕುಷ್ಟಗಿ, ಒಬ್ಬ ಶಿಕ್ಷಕಿ):
ಹೇಳಿದ್ದು ಊರಿಗೆಲ್ಲ ಗೊತ್ತಾಗುತ್ತಾ ಸರ್? ಮಕ್ಕಳ ವಿಷಯ ಆದರೆ?

ಉತ್ತರ (ಅದೇ ಬಳ್ಳಾರಿಯವರು):
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ಗೌಪ್ಯತೆ ರೋಗಿಯ ಹಕ್ಕು ಮೇಡಂ. ಆದರೆ 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ತಿಳಿದರೆ ಮಕ್ಕಳ ರಕ್ಷಣೆಯ ಪೋಕ್ಸೋ ಕಾಯ್ದೆ ಪ್ರಕಾರ ವರದಿ ಮಾಡಲೇಬೇಕು, ನೀವೂ, ನಾವೂ. ಮಗುವಿಗೆ ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡಬೇಡ್ರಿ.

ಪ್ರಶ್ನೆ (ಗಂಗಾವತಿ):
ಶುರು ಮಾಡಿದ ಮ್ಯಾಲೆ ಕನಸು ಹೆಚ್ಚಾದ್ರ?

ಉತ್ತರ (ಮನೋವೈದ್ಯ, ರಾಯಚೂರು):
ನೆನಪಿನ ಕೆಲಸ ಶುರುವಾದಾಗ ಕೆಲವು ದಿನ ಹೆಚ್ಚಾಗಬಹುದು, ಅದಕ್ಕೇ ಬಿಡಬೇಡ್ರಿ. ಮುಂದಿನ ಕೂಟದಲ್ಲಿ ಹೇಳಿದರೆ ವೇಗ ತಗ್ಗಿಸ್ತಾರೆ. ‘ನಾನೂ ಅವನ ಜೊತಿ ಹೋಗಬೇಕಿತ್ತು’ ಅನ್ನೋ ಮಾತು ಬಂದರೆ ಮಾತ್ರ ಕಾಯಬೇಡ್ರಿ. ‘ಸಾಯಬೇಕು ಅನ್ನಿಸ್ತದಾ?’ ಅಂತ ನೇರವಾಗಿ ಕೇಳ್ರಿ, ಕೇಳಿದರೆ ವಿಚಾರ ತಲೆಗೆ ಹಾಕಿದ ಹಾಗಾಗಲ್ಲ. ಒಬ್ಬನನ್ನೇ ಬಿಡದೆ ಅದೇ ದಿನ ಆಸ್ಪತ್ರೆಗೆ ಕರ್ಕೊಂಡು ಬರ್ರಿ. ಭತ್ತಕ್ಕೆ ಹೊಡೆಯೋಕೆ ತಂದ ಕೀಟನಾಶಕದ ಎಣ್ಣೆ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ ಬೀಗ ಹಾಕಿಸ್ರಿ, ಮಾತ್ರೆಯ ಪಟ್ಟಿ ನಿಮ್ಮ ಕೈಯಲ್ಲೇ ಇರಲಿ.