ಗಂಡಸರ ಕ್ಷೌರ: ಎಷ್ಟು ದಿನಕ್ಕೊಮ್ಮೆ, ಎಷ್ಟು ಹಣಕ್ಕೆ?

ಹಾಸನದವನು ಕೇಳಿದ್ದು:

ಹಾಸನದಲ್ಲಿ ಇದ್ದಷ್ಟು ಕಾಲ ಕ್ಷೌರದ ಖರ್ಚು ನನಗೆ ಯೋಚಿಸುವ ವಿಷಯವೇ ಆಗಿರಲಿಲ್ಲ. ಮನೆಯ ಹತ್ತಿರದ ಅಂಗಡಿಯಲ್ಲಿ ಕೂದಲು ಕತ್ತರಿಸಿ, ಕುತ್ತಿಗೆಯ ಅಂಚನ್ನು ಬ್ಲೇಡಿನಿಂದ ತಿದ್ದಿ, ಪಟಿಕ ಸವರಿ ಕಳಿಸುವುದಕ್ಕೆ ನೂರು ರೂಪಾಯಿ ತೆಗೆದುಕೊಳ್ಳುತ್ತಿದ್ದರು. ಕೂದಲು ಕಿವಿಯ ಮೇಲೆ ಇಳಿದಾಗ ಅಮ್ಮ ಗದರುತ್ತಿದ್ದರು, ನಾನು ಹೋಗಿ ಬರುತ್ತಿದ್ದೆ. ಕೆಲಸಕ್ಕೆಂದು ಬೆಂಗಳೂರಿಗೆ ಬಂದ ಮೇಲೆ ಲೆಕ್ಕ ತಪ್ಪಿದೆ. ನಾನಿರುವ ವಿಜಯನಗರದ ಬೀದಿಯ ಸಣ್ಣ ಅಂಗಡಿಯಲ್ಲಿ 180 ರೂಪಾಯಿ. ಅದೇ ಬೀದಿಯ ತುದಿಯಲ್ಲಿರುವ ಎ.ಸಿ. ಸೆಲೂನಿನಲ್ಲಿ 450, ತಲೆ ತೊಳೆಸಿಕೊಂಡರೆ ಅದಕ್ಕೆ ಬೇರೆ ದರ. ಕಚೇರಿಯಲ್ಲಿ ಒಬ್ಬರು ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೋಗುತ್ತಾರೆ, ಇನ್ನೊಬ್ಬರು ಎರಡು ತಿಂಗಳಾದರೂ ಆ ಕಡೆ ತಲೆ ಹಾಕುವುದಿಲ್ಲ, ಇಬ್ಬರೂ ನೋಡಲು ಅಚ್ಚುಕಟ್ಟಾಗಿಯೇ ಇದ್ದಾರೆ. ನಾನು ಮೂರು ವಾರಕ್ಕೊಮ್ಮೆ ಸಣ್ಣ ಅಂಗಡಿಗೆ ಹೋಗುತ್ತಿದ್ದೇನೆ. ತಾವೆಲ್ಲ ಎಷ್ಟು ದಿನಕ್ಕೊಮ್ಮೆ ಹೋಗುತ್ತೀರಿ, ಎಷ್ಟು ಕೊಡುತ್ತೀರಿ, ಮತ್ತು 180ಕ್ಕೂ 450ಕ್ಕೂ ನಡುವಿನ ಹಣ ನಿಜವಾಗಿ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಎರಡು ಕುರ್ಚಿ, ದಾವಣಗೆರೆ ಉತ್ತರ:

ನಾನು ದಾವಣಗೆರೆಯಲ್ಲಿ ಸೆಲೂನು ನಡೆಸುವವನು. ತಂದೆಯವರ ಕಾಲದಿಂದ ಬಂದ ಕಸುಬು, ಆದ್ದರಿಂದ ಹಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗೆ ನಾನೇ ಉತ್ತರಿಸುವುದು ಸರಿ. ತಲೆಯ ಮೇಲಿನ ಕೆಲಸ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಇಪ್ಪತ್ತು ಇಪ್ಪತ್ತೈದು ನಿಮಿಷದ್ದು. ಕೈಚಳಕ ಇರುವವರು ಸಣ್ಣ ಅಂಗಡಿಯಲ್ಲೂ ಇದ್ದಾರೆ, ಇಲ್ಲದವರು ದೊಡ್ಡ ಸೆಲೂನಿನಲ್ಲೂ ಇದ್ದಾರೆ. ದರದ ವ್ಯತ್ಯಾಸ ಹುಟ್ಟುವುದು ಮುಖ್ಯವಾಗಿ ಮಳಿಗೆಯ ಬಾಡಿಗೆ, ಮುಂಗಡ, ಎ.ಸಿ.ಯ ವಿದ್ಯುತ್ ಬಿಲ್ಲು, ಬಿಸಿನೀರು, ಬಳಸಿ ಎಸೆಯುವ ಹೊದಿಕೆ, ಬಾಗಿಲಲ್ಲಿ ನಿಂತು ಹೆಸರು ಬರೆದುಕೊಳ್ಳುವವರ ಸಂಬಳ, ಬ್ರಾಂಡಿನ ಹೆಸರು ಪಡೆದಿದ್ದರೆ ಆ ಕಂಪನಿಗೆ ಕೊಡಬೇಕಾದ ಪಾಲು, ಇವುಗಳಿಂದ.

ಬೆಂಗಳೂರಿನ ಬಹಳಷ್ಟು ಸಣ್ಣ ಅಂಗಡಿಗಳಲ್ಲಿ ಕುರ್ಚಿಯ ಹಿಂದೆ ನಿಂತವರು ಮಾಲೀಕರಲ್ಲ. ದಿನದ ದುಡಿಮೆಯನ್ನು ಮಾಲೀಕರೊಂದಿಗೆ ಅರ್ಧಕ್ಕರ್ಧ, ಇಲ್ಲವೇ ಅದಕ್ಕಿಂತ ತುಸು ಹೆಚ್ಚುಕಡಿಮೆ ಹಂಚಿಕೊಂಡು ದುಡಿಯುವವರು. ನೀವು ಕೊಟ್ಟ 180ರಲ್ಲಿ ಅವರಿಗೆ ದಕ್ಕುವುದು 90 ಎಂದಿಟ್ಟುಕೊಳ್ಳಿ. ದೊಡ್ಡ ಸೆಲೂನುಗಳಲ್ಲಿ ತಿಂಗಳ ಸಂಬಳ, ಜೊತೆಗೆ ಇನ್ಸೆಂಟಿವ್. ಕತ್ತರಿ ಕೈಯಲ್ಲಿರುವಾಗಲೇ "ಸರ್, ಡ್ಯಾಂಡ್ರಫ್ ಇದೆ, ಹೇರ್ ಸ್ಪಾ ಮಾಡೋಣವೇ, ಫೇಶಿಯಲ್ ಮಾಡೋಣವೇ" ಎಂದು ಕೇಳುವುದು ಆ ಇನ್ಸೆಂಟಿವ್‌ನ ದೆಸೆಯಿಂದ. ಬೇಡವೆಂದರೆ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ.

ನಮ್ಮಂಥವರು ದರವನ್ನು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ. ಅನೇಕ ಊರುಗಳಲ್ಲಿ ನಮ್ಮ ಕ್ಷೌರಿಕ ಸಮುದಾಯದ, ಅಂದರೆ ಸವಿತಾ ಸಮಾಜದ, ಸ್ಥಳೀಯ ಸಂಘ ಸಭೆ ಸೇರಿ ದರ ನಿಗದಿ ಮಾಡಿ, ಪಟ್ಟಿಯನ್ನು ಅಚ್ಚು ಹಾಕಿಸಿ ಎಲ್ಲ ಅಂಗಡಿಗಳಿಗೂ ಕೊಡುತ್ತದೆ. ಕಟಿಂಗ್ ಇಷ್ಟು, ಶೇವಿಂಗ್ ಇಷ್ಟು, ಮಕ್ಕಳಿಗೆ ಇಷ್ಟು ಎಂದು ಕನ್ನಡಿಯ ಪಕ್ಕದಲ್ಲಿ ತೂಗುವ ಫಲಕ ಅದೇ. ಒಬ್ಬರು ಇಳಿಸಿದರೆ ಪಕ್ಕದ ಅಂಗಡಿಯವರ ಹೊಟ್ಟೆಯ ಮೇಲೆ ಹೊಡೆದಂತೆ, ಏರಿಸಿದರೆ ಗಿರಾಕಿ ಬರುವುದಿಲ್ಲ. ಮೊದಲು ಕ್ಷೌರಕ್ಕಿಂತ ದಾಡಿಯಿಂದಲೇ ಅಂಗಡಿಗೆ ದಿನವಹಿ ಆದಾಯ ಇರುತ್ತಿತ್ತು. 2020ರಲ್ಲಿ ಲಾಕ್‌ಡೌನ್ ಆಗಿ ಅಂಗಡಿಗಳು ಮುಚ್ಚಿದಾಗ ರಾಜ್ಯ ಸರ್ಕಾರ ಸುಮಾರು 2.30 ಲಕ್ಷ ಕ್ಷೌರಿಕರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಿತು, ನಿಜ. ಆದರೆ ಆ ದಿನಗಳಲ್ಲಿ ಟ್ರಿಮ್ಮರ್ ಕೊಂಡವರು ಅಂಗಡಿ ತೆರೆದ ಮೇಲೂ ದಾಡಿಗೆ ಹಿಂದಿರುಗಲಿಲ್ಲ. ದಾಡಿಯ ಆದಾಯ ಇಳಿದಷ್ಟೂ ಬಾಡಿಗೆಯ ಭಾರವೆಲ್ಲ ಕಟಿಂಗ್ ಮೇಲೆ ಬಿದ್ದಿದೆ.

ಇನ್ನು ಗಿರಾಕಿಗಳ ಬರವು ವರ್ಷವಿಡೀ ಒಂದೇ ಸಮ ಇರುವುದಿಲ್ಲ. ನಮಗೆ ಮಂಗಳವಾರ ರಜೆ. ಅಮಾವಾಸ್ಯೆ, ಶನಿವಾರ, ತಮ್ಮ ಜನ್ಮನಕ್ಷತ್ರದ ದಿನ ಬಾರದವರು ಇನ್ನೂ ಇದ್ದಾರೆ. ಶ್ರಾವಣದಲ್ಲಿ ಕೂದಲು, ಗಡ್ಡ ಎರಡನ್ನೂ ಮುಟ್ಟಿಸದ ಮನೆಗಳಿವೆ; ಅಯ್ಯಪ್ಪ ಮಾಲೆ ಹಾಕಿದವರು ವ್ರತ ಮುಗಿಯುವ ತನಕ ಬರುವುದಿಲ್ಲ; ಹೆಂಡತಿ ಬಸುರಿಯಾಗಿದ್ದಾಗ ಕೂದಲು ತೆಗೆಸದ ರೂಢಿಯೂ ಕೆಲವರಲ್ಲಿದೆ. ಅದೆಲ್ಲವನ್ನೂ ಭಾನುವಾರದ ನೂಕುನುಗ್ಗಲು, ಯುಗಾದಿ ದೀಪಾವಳಿಯ ಹಿಂದಿನ ದಿನಗಳು ಮತ್ತು ಶಾಲೆ ಶುರುವಾಗುವ ವಾರ ತುಂಬಿಕೊಡಬೇಕು. ನನ್ನ ಅಂಗಡಿಗೆ ಬರುವವರಲ್ಲಿ ಕಾಲೇಜು ಹುಡುಗರು ಎರಡು ಮೂರು ವಾರಕ್ಕೊಮ್ಮೆ, ಸಂಸಾರಸ್ಥರು ತಿಂಗಳಿಗೊಮ್ಮೆ, ಹಳ್ಳಿಯಿಂದ ಬರುವ ಹಿರಿಯರು ಒಂದೂವರೆ ತಿಂಗಳಿಗೊಮ್ಮೆ. ದರ 120.

ಕಡಿಮೆ ದರ ಎಂದು ಯಾವ ಅಂಗಡಿಗೆ ಹೋದರೂ ಒಂದನ್ನು ಮಾತ್ರ ಗಮನಿಸಿ. ಬ್ಲೇಡನ್ನು ಕಾಗದದ ಹೊದಿಕೆಯಲ್ಲಿರುವಾಗಲೇ ಉದ್ದಕ್ಕೆ ಬಗ್ಗಿಸಿ ಮುರಿದರೆ ಎರಡು ಹೋಳಾಗುತ್ತದೆ; ಒಂದು ಹೋಳನ್ನು ಕತ್ತಿಯ ಹಿಡಿಗೆ ಸಿಕ್ಕಿಸಿ ಒಬ್ಬ ಗಿರಾಕಿಗೆ ಬಳಸಿ ಎಸೆಯುತ್ತೇವೆ. ಹೆಪಟೈಟಿಸ್ ಬಿ, ಎಚ್‌ಐವಿ ರಕ್ತದ ಮೂಲಕ ಹರಡುವಂಥವು, ಆದ್ದರಿಂದ ಹೊಸ ಹೋಳನ್ನು ನಿಮ್ಮ ಕಣ್ಣೆದುರಿಗೇ ಹಾಕಬೇಕು. ಹಾಕದಿದ್ದರೆ ಕೇಳಿ. ಒಂದೆರಡು ರೂಪಾಯಿಯ ವಸ್ತುವಿಗೆ ಯಾವ ಕಸುಬುದಾರನೂ ಮುಖ ಗಂಟಿಕ್ಕಬಾರದು.

ಲೆಕ್ಕಿಗ ಉತ್ತರ:

ಮೇಲಿನವರ ಮಾತಿಗೆ ನನ್ನದು ಅಂಕಿಗಳ ಜೋಡಣೆ ಅಷ್ಟೇ. ತಲೆಗೂದಲು ಸರಾಸರಿ ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು, ಕೆಲವರಲ್ಲಿ ಅದಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆ. ಈ ವೇಗ ಯಾವ ಸೆಲೂನಿಗೆ ಹೋದರೂ ಬದಲಾಗುವುದಿಲ್ಲ. ಆದ್ದರಿಂದ ಎಷ್ಟು ದಿನಕ್ಕೊಮ್ಮೆ ಹೋಗಬೇಕು ಎಂಬುದನ್ನು ನಿರ್ಧರಿಸುವುದು ನೀವು ಆರಿಸಿಕೊಂಡ ಕಟ್. ಬದಿಯಲ್ಲಿ ಮೆಷಿನ್ನಿಗೆ ಒಂದನೇ ನಂಬರಿನ ಬಾಚಣಿಗೆ ಹಾಕಿಸಿದರೆ ಕೂದಲು 3 ಮಿಲಿಮೀಟರ್ ಉಳಿಯುತ್ತದೆ. ಮೂರು ವಾರ ಕಳೆಯುವಷ್ಟರಲ್ಲಿ ಅದು 10 ಮಿಲಿಮೀಟರ್ ಆಗಿ, ಫೇಡ್ (ಬದಿಯ ಕೂದಲು ಕೆಳಗಿನಿಂದ ಮೇಲಕ್ಕೆ ಕ್ರಮೇಣ ದಟ್ಟವಾಗುವ ಕಟ್) ಎಂದು ಹಣ ಕೊಟ್ಟು ಮಾಡಿಸಿದ್ದು ಮಾಯವಾಗಿರುತ್ತದೆ. ಕತ್ತರಿಯಲ್ಲೇ ಮಾಡಿಸಿದ ಮೀಡಿಯಂ ಕಟ್‌ನಲ್ಲಿ 5 ಸೆಂಟಿಮೀಟರ್ ಇದ್ದದ್ದು 6 ಆದರೆ ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಕಚೇರಿಯ ಇಬ್ಬರೂ ಅಚ್ಚುಕಟ್ಟಾಗಿ ಕಾಣುವುದು ಹೀಗೆ.

ವರ್ಷದ ಮೊತ್ತ ನೋಡಿ. 180 ರೂಪಾಯಿಯಂತೆ ಮೂರು ವಾರಕ್ಕೊಮ್ಮೆ ಹೋದರೆ ವರ್ಷಕ್ಕೆ ಹದಿನೇಳು ಸಲ, 3,060 ರೂಪಾಯಿ. 450 ಕೊಟ್ಟು ಎರಡು ತಿಂಗಳಿಗೊಮ್ಮೆ ಹೋಗುವವರಿಗೆ ಆರು ಸಲ, 2,700 ರೂಪಾಯಿ. ಅದೇ 450ರ ಸೆಲೂನಿಗೆ ಹದಿನೈದು ದಿನಕ್ಕೊಮ್ಮೆ ಹೋದರೆ ಹತ್ತು ಸಾವಿರ ದಾಟುತ್ತದೆ. ಅಂದರೆ ಒಂದು ಸಲದ ದರವನ್ನಷ್ಟೇ ಹಿಡಿದು ಇದು ಅಗ್ಗ, ಅದು ದುಬಾರಿ ಎಂದು ಹೇಳಲು ಬರುವುದಿಲ್ಲ.

ತೆರಿಗೆಯ ಮಾತನ್ನೂ ಸೇರಿಸುತ್ತೇನೆ. ಸೆಲೂನು ಸೇವೆಯ ಮೇಲೆ ಜಿಎಸ್‌ಟಿ 18 ಶೇಕಡಾ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಶೇಕಡಾ ಆಗಿದೆ. 450ರ ಮೇಲೆ ಆಗ 81 ರೂಪಾಯಿ ಬೀಳುತ್ತಿತ್ತು, ಈಗ 22 ರೂಪಾಯಿ 50 ಪೈಸೆ. ಆದರೆ ಹೊಸ ದರದಲ್ಲಿ ಸೆಲೂನಿನವರು ಬಾಡಿಗೆ ಮತ್ತು ಸಾಮಗ್ರಿಗಳ ಮೇಲೆ ತಾವು ಕಟ್ಟಿದ ತೆರಿಗೆಯನ್ನು ಗಿರಾಕಿಗಳಿಂದ ಪಡೆದ ತೆರಿಗೆಯಲ್ಲಿ ಹೊಂದಿಸಿಕೊಳ್ಳುವಂತಿಲ್ಲ, ಆದ್ದರಿಂದ ಮೂಲ ದರವನ್ನೇ ಸ್ವಲ್ಪ ಏರಿಸಿದ್ದರೆ ಆಶ್ಚರ್ಯವಿಲ್ಲ. ಹಳೆಯ ಬಿಲ್ಲು ಇದ್ದರೆ ಹೋಲಿಸಿ ನೋಡಿ. ಸಣ್ಣ ಅಂಗಡಿಗೆ ಇದಾವುದೂ ತಟ್ಟುವುದಿಲ್ಲ, ಏಕೆಂದರೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ನೋಂದಣಿ ಕಡ್ಡಾಯ. ಮಂಗಳವಾರ ಬಿಟ್ಟು ಉಳಿದ ದಿನಗಳಲ್ಲಿ 150 ರೂಪಾಯಿಯಂತೆ ದಿನಕ್ಕೆ ನಲವತ್ತಕ್ಕೂ ಹೆಚ್ಚು ತಲೆ ಬಂದರೆ ಆ ಮಿತಿ ಮುಟ್ಟೀತು, ಎರಡು ಕುರ್ಚಿಯ ಅಂಗಡಿಗೆ ಅದು ಎಲ್ಲಿಂದ ಸಾಧ್ಯ?

ಶಿಕಾರಿಪುರದ ಮೇಷ್ಟ್ರು ಉತ್ತರ:

ಲೆಕ್ಕಿಗರ ಲೆಕ್ಕ ಚೆನ್ನಾಗಿದೆ, ಆದರೂ ನನಗೆ 450 ಹೆಚ್ಚೇ. ನಾವು ಚಿಕ್ಕವರಿದ್ದಾಗ ಹಳ್ಳಿಯಲ್ಲಿ ಕ್ಷೌರಕ್ಕೆ ಹಣವೇ ಕೊಡುತ್ತಿರಲಿಲ್ಲ. ಕ್ಷೌರಿಕರು ತಿಂಗಳಿಗೊಮ್ಮೆ ಚರ್ಮದ ಚೀಲ ಹಿಡಿದು ಮನೆಗೇ ಬರುತ್ತಿದ್ದರು. ಜಗಲಿಯ ಕೆಳಗೆ ಅಂಗಳದಲ್ಲಿ ಮಣೆ ಹಾಕಿ ಅಪ್ಪನಿಂದ ಹಿಡಿದು ಕೊನೆಯ ತಮ್ಮನ ತನಕ ಸಾಲಾಗಿ ಕೂರಿಸುತ್ತಿದ್ದರು. ಎಲ್ಲರಿಗೂ ಒಂದೇ ಕಟ್, ಬೇರೆ ಕೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಪ್ರತಿಫಲವಾಗಿ ಸುಗ್ಗಿಯಲ್ಲಿ ಕಣದಿಂದಲೇ ಭತ್ತದ ಆಯ ಅಳೆದು ಕೊಡುತ್ತಿದ್ದರು. ಬಡಗಿ, ಕಮ್ಮಾರ, ಅಗಸ ಮುಂತಾದ ಆಯಗಾರರಿಗೆ ಸಲ್ಲುವಂತೆ ಅವರಿಗೂ ಪಾಲು ಇತ್ತು. ಮದುವೆಯಲ್ಲಿ ಮದುಮಗನ ಕ್ಷೌರ ಮಾಡಿದರೆ ಪಂಚೆ, ದಕ್ಷಿಣೆ ಪ್ರತ್ಯೇಕ.

ಇದನ್ನು ಒಳ್ಳೆಯ ಕಾಲವೆಂದು ಹೊಗಳಲು ಹೇಳುತ್ತಿಲ್ಲ. ಮಳೆ ಕೈಕೊಟ್ಟ ವರ್ಷ ಕೊಡುವವರ ಕೈ ಬಿಗಿಯಾಗುತ್ತಿತ್ತು, ಕೆಲಸ ಮಾತ್ರ ಅಷ್ಟೇ ಇರುತ್ತಿತ್ತು. ಒಂದು ತಲೆಗೆ ಇಷ್ಟು ಎಂದು ಕೇಳುವ ಬಾಯಿ ಅವರಿಗೆ ಇರಲಿಲ್ಲ. ಅವರ ಮಕ್ಕಳು ಪೇಟೆಗೆ ಹೋಗಿ ಗೋಡೆಗೆ ದರಪಟ್ಟಿ ತೂಗುಹಾಕಿದ್ದು ಸರಿಯಾದ ಕೆಲಸ. ಈಗ ನಾನು ತಿಂಗಳಿಗೊಮ್ಮೆ ಹೋಗುತ್ತೇನೆ, ನೂರು ರೂಪಾಯಿ. ನೆತ್ತಿಯಲ್ಲಿ ಕೂದಲಿಲ್ಲ, ಸುತ್ತ ಮಾತ್ರ ಇದೆ; ರಿಯಾಯಿತಿ ಕೇಳಿದ್ದಕ್ಕೆ "ಇರುವುದನ್ನು ಹುಡುಕಿ ಕತ್ತರಿಸಬೇಕಲ್ಲ ಮೇಷ್ಟ್ರೇ, ಅದಕ್ಕೇ ಹೆಚ್ಚು ಹೊತ್ತು" ಎಂದರು.

ಸ್ಯಾನ್ ಹೋಸೆ ಕನ್ನಡಿಗ ಉತ್ತರ:

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಾನು ಹೋಗುವ ಅಂಗಡಿಯ ದರ 35 ಡಾಲರ್. ಅದರ ಮೇಲೆ ಟಿಪ್ ಕೊಡುವುದು ಇಲ್ಲಿನ ರೂಢಿ, 20 ಶೇಕಡಾ ಎಂದರೆ ಇನ್ನೊಂದು 7 ಡಾಲರ್; ರೂಪಾಯಿಗೆ ತಿರುಗಿಸಿದರೆ ಮೂರೂವರೆ ಸಾವಿರ ದಾಟುತ್ತದೆ. ಇಲ್ಲಿ ಕತ್ತರಿ ಹಿಡಿಯಲು ರಾಜ್ಯದ ಲೈಸೆನ್ಸ್ ಬೇಕು. 2022ರಿಂದ ತರಬೇತಿಯ ಅವಧಿಯನ್ನು 1,000 ಗಂಟೆಗೆ ಇಳಿಸಿದ್ದಾರೆ, ಅದಕ್ಕೆ ಮೊದಲು ಇನ್ನೂ ಹೆಚ್ಚಿತ್ತು. ಕಲಿತ ಶುಲ್ಕ, ಈ ಊರಿನ ಬಾಡಿಗೆ ಎಲ್ಲವೂ ಗಿರಾಕಿಯ ತಲೆಯ ಮೇಲೆಯೇ. ಹೀಗಾಗಿ ನಮ್ಮವರ ಅನೇಕ ಮನೆಗಳಲ್ಲಿ ಕ್ಲಿಪ್ಪರ್ ಇದೆ. ನಮ್ಮ ಮನೆಯಲ್ಲಿ ಬದಿ ಮತ್ತು ಹಿಂಭಾಗವನ್ನು ನನ್ನ ಹೆಂಡತಿ ಗ್ಯಾರೇಜಿನಲ್ಲಿ ಕೂರಿಸಿ ತೆಗೆಯುತ್ತಾಳೆ, ಎರಡು ತಿಂಗಳಿಗೊಮ್ಮೆ ಮಾತ್ರ ಅಂಗಡಿಗೆ ಹೋಗಿ ಮೇಲ್ಭಾಗವನ್ನು ಸರಿಮಾಡಿಸುತ್ತೇನೆ. ಮೈಸೂರಿಗೆ ಬಂದಾಗ ಕಟಿಂಗ್ ಮುಗಿದ ಮೇಲೆ ಕೇಳದೆಯೇ ತಲೆಗೆ ನಾಲ್ಕು ತಟ್ಟಿ, ಹೆಗಲು ಹಿಸುಕಿ ಕಳಿಸುತ್ತಾರಲ್ಲ, ಅದಕ್ಕೆ ಇಲ್ಲಿ ಪ್ರತ್ಯೇಕ ಬಿಲ್ಲು ಹಾಕುತ್ತಾರೆ.

ಚಾಮರಾಜನಗರ ಕಡೆಯವನು ಉತ್ತರ:

ಎಲ್ಲರೂ ದರಪಟ್ಟಿಯ ಲೆಕ್ಕ ಹೇಳಿದ್ದೀರಿ, ಪಟ್ಟಿಯಲ್ಲಿ ಇಲ್ಲದ ಒಂದು ಖರ್ಚನ್ನು ನಾನು ಹೇಳಬೇಕು. ನಮ್ಮ ಊರಿನಲ್ಲಿ ಅಂಗಡಿ ಇತ್ತು, ನಮ್ಮ ಕೇರಿಯವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಅಪ್ಪ ನಮ್ಮನ್ನು ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕ್ಷೌರ ಮಾಡಿಸುತ್ತಿದ್ದರು. ಮೂವರು ಗಂಡುಮಕ್ಕಳ ಬಸ್ ಚಾರ್ಜು ಮತ್ತು ಅಪ್ಪನ ಅರ್ಧ ದಿನದ ಕೂಲಿ ಸೇರಿದರೆ ಅದು ಕ್ಷೌರದ ದರಕ್ಕಿಂತ ಹೆಚ್ಚಾಗುತ್ತಿತ್ತು, ಆದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಶಾಲೆಯಲ್ಲಿ ಕೂದಲು ಬಿಟ್ಟಿದ್ದಕ್ಕೆ ಬೈಗುಳ ಬೇರೆ. ಜಾತಿಯ ಕಾರಣಕ್ಕೆ ಸೇವೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದರೂ ಇಂಥ ಸುದ್ದಿ ನಮ್ಮ ರಾಜ್ಯದ ಹಳ್ಳಿಗಳಿಂದ ಈಗಲೂ ಪತ್ರಿಕೆಗಳಲ್ಲಿ ಬರುತ್ತಿರುತ್ತದೆ. ಅಂಗಡಿಯವರನ್ನಷ್ಟೇ ದೂರುತ್ತಿಲ್ಲ, ಅವರಿಗೆ ಕುರ್ಚಿ ಕೊಡಬೇಡ ಎಂದು ಹೇಳುವವರು ಊರಿನಲ್ಲಿ ಬೇರೆಯೇ ಇರುತ್ತಾರೆ. ಈಗ ಮೈಸೂರಿನಲ್ಲಿದ್ದೇನೆ, ಹೆಸರು ಕೇಳದ ಎ.ಸಿ. ಸೆಲೂನಿಗೆ ತಿಂಗಳಿಗೊಮ್ಮೆ ಹೋಗುತ್ತೇನೆ, 350 ಕೊಡುತ್ತೇನೆ. ಅದು ನನಗೆ ದುಬಾರಿ ಎನಿಸಿಲ್ಲ.

ಹಾಸನದವನು:

ಕೊನೆಯ ಉತ್ತರವನ್ನು ಓದಿದ ಮೇಲೆ ನನ್ನ ಪ್ರಶ್ನೆಯೇ ಚಿಕ್ಕದಾಗಿ ಕಂಡಿತು, ಬರೆದಿದ್ದಕ್ಕೆ ಧನ್ಯವಾದಗಳು. ನಾನು ಮಾಡಿಸುವುದು ಬದಿಯಲ್ಲಿ ಎರಡನೇ ನಂಬರು, ಆದ್ದರಿಂದ ಮೂರು ವಾರದ ಗಡುವು ಏಕೆ ಎಂಬುದು ತಿಳಿಯಿತು. ಮುಂದಿನ ಸಲ ಕತ್ತರಿಯಲ್ಲೇ ಮೀಡಿಯಂ ಮಾಡಿಸಿ ಐದು ವಾರ ತಡೆಯುತ್ತದೆಯೇ ನೋಡುತ್ತೇನೆ, ಅಂಗಡಿ ಬದಲಿಸುವುದಿಲ್ಲ. ದಾವಣಗೆರೆಯವರಿಗೆ ಒಂದು ಪ್ರಶ್ನೆ: ಪಾಲಿನ ಮೇಲೆ ದುಡಿಯುವವರಿಗೆ ಇಪ್ಪತ್ತು ಮೂವತ್ತು ರೂಪಾಯಿ ಹೆಚ್ಚು ಕೊಡಬೇಕೆನಿಸಿದರೆ ಅದನ್ನು ಹೇಗೆ ಕೊಡುವುದು?

ಎರಡು ಕುರ್ಚಿ, ದಾವಣಗೆರೆ:

ಕೌಂಟರಿನ ಕ್ಯೂಆರ್ ಕೋಡಿಗೆ ಸೇರಿಸಿ ಕಳಿಸಿದರೆ ಅದು ಮಾಲೀಕರ ಖಾತೆಗೆ ಹೋಗಿ ದಿನದ ಲೆಕ್ಕದಲ್ಲಿ ಬೆರೆಯುತ್ತದೆ. ನೋಟನ್ನೇ ಅವರ ಕೈಗೆ ಕೊಡಿ. ಇನ್ನೊಂದು ಮಾತು, ಮೆಷಿನ್ ಹಾಕದೆ ಪೂರ್ತಿ ಕತ್ತರಿಯಲ್ಲಿ ಮಾಡಿಸುವುದಾದರೆ ಭಾನುವಾರ ಹೋಗಬೇಡಿ. ಬೆಂಚಿನ ಮೇಲೆ ಆರು ಜನ ಕಾಯುತ್ತಿರುವಾಗ ಯಾರ ಕೈಯೂ ಮೆಷಿನ್ನಿನ ಕಡೆಗೇ ಹೋಗುತ್ತದೆ. ಬುಧವಾರ ಅಥವಾ ಗುರುವಾರ ಬೆಳಿಗ್ಗೆ ಹೋಗಿ, ಬೇಕಾದಂತೆ ಹೇಳಿ ಮಾಡಿಸಿಕೊಳ್ಳಬಹುದು.